ವಾಟ್ನಿ ಆಟ: 21 ಎಲೆ, ಏಳು ಊರು, ಇಬ್ಬರೇ ಆಟಗಾರರು

ನಮ್ಮ ಬಾಗಲಕೋಟೆ ಕಡೆ ಅಣ್ಣ ತಮ್ಮಂದಿರು ಬೇರೆಯಾಗುವಾಗ ಹೊಲದ ವಾಟ್ನಿ, ಅಂದರೆ ಪಾಲು, ಮಾಡುತ್ತಾರೆ. ಜಗಳ ಬೇಡ ಅಂದರೆ ಹಿರಿಯರು ಒಂದು ಉಪಾಯ ಹೇಳುತ್ತಾರೆ: ಒಬ್ಬ ಪಾಲು ಮಾಡಲಿ, ಇನ್ನೊಬ್ಬ ಮೊದಲು ಆರಿಸಲಿ. ಪಾಲು ಮಾಡುವವನು ಬಾವಿ ಕಡೆಯ ಎರೆ ಹೊಲವನ್ನೆಲ್ಲ ಒಂದು ಪಾಲಿಗೆ, ಮಡ್ಡಿಯನ್ನೆಲ್ಲ ಇನ್ನೊಂದು ಪಾಲಿಗೆ ಹಾಕಿದರೆ ಆ ಮಡ್ಡಿ ಅವನ ಕೊರಳಿಗೇ ಬೀಳುತ್ತದೆ. ಮೋಸ ಮಾಡುವ ಮನಸ್ಸಿದ್ದರೂ ಕೈ ಏಳುವುದಿಲ್ಲ.

ಇದೇ ಉಪಾಯದ ಮೇಲೆ ನಿಂತಿರುವ ಒಂದು ಎಲೆಯಾಟ ಇದೆ. ಇಬ್ಬರೇ ಆಡುವುದು, 15ರಿಂದ 20 ನಿಮಿಷಕ್ಕೆ ಮುಗಿಯುವುದು. ಮೂಲ ಆಟದ ಹೆಸರು ಹನಾಮಿಕೋಜಿ. ಜಪಾನಿನ ಕೋಟಾ ನಕಾಯಾಮಾ ಅದನ್ನು ಮಾಡಿದ್ದು, 2013ರಲ್ಲಿ ಹೊರಬಂತು. ಹನಾಮಿಕೋಜಿ ಅನ್ನುವುದು ಕ್ಯೋಟೋ ನಗರದ ಒಂದು ಬೀದಿಯ ಹೆಸರು. ಆ ಆಟದಲ್ಲಿ ಏಳು ಜನ ಗೇಶಾ ಕಲಾವಿದೆಯರು ಇರುತ್ತಾರೆ, ಅವರ ಮೆಚ್ಚುಗೆ ಗಳಿಸಲು ಇಬ್ಬರು ಪೈಪೋಟಿ ಮಾಡುತ್ತಾರೆ. ಅದರ ಚಿತ್ರಗಳು ತುಂಬಾ ಚೆಂದ, ಸಿಕ್ಕರೆ ಕೊಳ್ಳಿ. ಆದರೆ ಲೆಕ್ಕ ಮಾತ್ರ ಮಾಮೂಲಿ ಇಸ್ಪೀಟ್ ಕಟ್ಟಿನಲ್ಲೂ ಕೂತುಕೊಳ್ಳುತ್ತದೆ. ನವನಗರದ ನಮ್ಮ ಮನೆಯಲ್ಲಿ ನಾನು ಮತ್ತು ಅಕ್ಕನ ಮಗ ಹಾಗೇ ಆಡುವುದು. ಗೇಶಾಗಳ ಜಾಗಕ್ಕೆ ನಮ್ಮ ಜಿಲ್ಲೆಯ ಏಳು ಊರು ಬಂದಿವೆ, ಆಟಕ್ಕೆ ವಾಟ್ನಿ ಅಂತ ಹೆಸರು ಬಿದ್ದಿದೆ.

ಇಸ್ಪೀಟ್ ಅಂದ ಕೂಡಲೇ ಮನೆಯಲ್ಲಿ ಹುಬ್ಬು ಏರುತ್ತದೆ, ಗೊತ್ತು. ಅಂದರ್ ಬಾಹರ್ ನೆನಪಾಗುತ್ತದೆ ಅಲ್ವಾ? ಇಲ್ಲಿ ದುಡ್ಡು ಇಲ್ಲ, ಪಣ ಇಲ್ಲ. ನಮ್ಮ ಮನೆಯಲ್ಲಿ ಸೋತವರು ಚಹಾ ಮಾಡಬೇಕು, ಅಷ್ಟೇ.

ಕಟ್ಟು ಸಿದ್ಧ ಮಾಡುವುದು

ಎರಡು ಜೋಕರ್ ಇರುವ ಒಂದು ಇಸ್ಪೀಟ್ ಕಟ್ಟು ಬೇಕು. ಎಲೆಗಳ ಬೆನ್ನು ಒಂದೇ ತರಹ ಇರಲಿ. ಎಣ್ಣೆ ಕಲೆ, ಮಡಚಿದ ಮೂಲೆ ಇರುವ ಕಟ್ಟು ಬೇಡ. ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಆಟದ ಎಲೆಗಳು 21. ಹೀಗೆ ಆರಿಸಿ:

ರಾಜ ನಾಲ್ಕು, ಜೊತೆಗೆ ಒಂದು ಜೋಕರ್. ಜೋಕರ್ ಇಲ್ಲಿ ಐದನೇ ರಾಜ. ಊರು ಬಾದಾಮಿ, ಬೆಲೆ 5.
ರಾಣಿ ನಾಲ್ಕು. ಊರು ಇಳಕಲ್, ಬೆಲೆ 4.
ಗುಲಾಮ ಮೂರು. ಊರು ಮುಧೋಳ, ಬೆಲೆ 3.
ಹತ್ತು ಮೂರು. ಊರು ಜಮಖಂಡಿ, ಬೆಲೆ 3.
ಒಂಬತ್ತು ಎರಡು. ಊರು ಗುಳೇದಗುಡ್ಡ, ಬೆಲೆ 2.
ಎಂಟು ಎರಡು. ಊರು ಅಮೀನಗಡ, ಬೆಲೆ 2.
ಏಳು ಎರಡು. ಊರು ಮಹಾಲಿಂಗಪುರ, ಬೆಲೆ 2.

ಊರಿನ ಬೆಲೆ ಎಷ್ಟೋ ಆ ಊರಿಗೆ ಎಲೆಯೂ ಅಷ್ಟೇ. ಇದೊಂದು ನೆನಪಿದ್ದರೆ ಪಟ್ಟಿ ಮತ್ತೆ ನೋಡಬೇಕಿಲ್ಲ. ಬೆಲೆ ಎಲ್ಲ ಕೂಡಿಸಿದರೂ 21 ಬರುತ್ತದೆ.

ಊರುಗಳನ್ನು ನಾನು ಸುಮ್ನೆ ಹಂಚಿಲ್ಲ. ಬಾದಾಮಿ ಚಾಲುಕ್ಯರ ರಾಜಧಾನಿ, ಹಾಗಾಗಿ ರಾಜ. ರಾಣಿಗೆ ಇಳಕಲ್ ಸೀರೆ ಅಲ್ಲದೆ ಇನ್ನೇನು? ಮುಧೋಳದ ಬೇಟೆ ನಾಯಿಯ ಹಗ್ಗ ಗುಲಾಮನ ಕೈಯಲ್ಲಿ ಇರಲಿ. ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು, ಮಹಾಲಿಂಗಪುರದ ಬೆಲ್ಲ, ಇವು ಮೂರೂ ಸಣ್ಣ ಊರುಗಳು, ಆದರೆ ಆಟದಲ್ಲಿ ಇವೇ ಜಾಸ್ತಿ ಕಾಡುತ್ತವೆ. ಜಮಖಂಡಿಗೆ ಮಾತ್ರ ಹತ್ತರ ಜೊತೆ ಏನೂ ಸಂಬಂಧ ಇಲ್ಲ, ಉಳಿದಿತ್ತು, ಕೊಟ್ಟೆ. ನೀವು ಬೆಳಗಾವಿಯವರಾದರೆ ಕಿತ್ತೂರು, ಗೋಕಾಕ, ಸವದತ್ತಿ ಇಟ್ಟುಕೊಳ್ಳಿ, ವಿಜಯಪುರದವರಾದರೆ ಇಂಡಿ, ಸಿಂದಗಿ, ತಾಳಿಕೋಟೆ. ಲೆಕ್ಕ ಬದಲಾಗುವುದಿಲ್ಲ.

ಇನ್ನು ಊರಿನ ಗುರುತಿಗೆ ಏಳು ಎಲೆ ಬೇಕು. ಉಳಿದ ಜೋಕರ್ ಬಾದಾಮಿಗೆ, ಕಳಾವರ್ ಎಕ್ಕ ಇಳಕಲ್‌ಗೆ. ಉಳಿದ ಗುಲಾಮ, ಹತ್ತು, ಒಂಬತ್ತು, ಎಂಟು, ಏಳುಗಳಲ್ಲಿ ಒಂದೊಂದು ತಮ್ಮ ತಮ್ಮ ಊರಿಗೆ. ಇವನ್ನು ಇಬ್ಬರ ನಡುವೆ ಅಡ್ಡ ಸಾಲಿನಲ್ಲಿ, ಮುಖ ಮೇಲೆ ಮಾಡಿ ಇಡಿ. ಸಾಲಿನ ಈ ಬದಿ ನಿಮ್ಮದು, ಆ ಬದಿ ಎದುರಿನವರದು. ಗೆದ್ದ ಊರಿನ ಗುರುತನ್ನು ನಿಮ್ಮ ಕಡೆ ಸ್ವಲ್ಪ ಎಳೆದುಕೊಂಡರಾಯಿತು.

ಕೊನೆಯದಾಗಿ ಒಬ್ಬರಿಗೆ ಇಸ್ಪೀಟಿನ (ಸ್ಪೇಡ್) ಎಕ್ಕ, ಎರಡು, ಮೂರು, ನಾಲ್ಕು ಕೊಡಿ. ಇನ್ನೊಬ್ಬರಿಗೆ ಆಟೀನಿನ ಎಕ್ಕ, ಎರಡು, ಮೂರು, ನಾಲ್ಕು. ಇವು ಕೈಯಲ್ಲಿ ಹಿಡಿಯುವ ಎಲೆಗಳಲ್ಲ, ಮುಂದೆ ಸಾಲಾಗಿ ಇಟ್ಟುಕೊಳ್ಳುವ ಗುರುತು. ಉಳಿದದ್ದನ್ನೆಲ್ಲ ಕಟ್ಟಿ ಪಕ್ಕಕ್ಕಿಡಿ.

ಹಂಚುವುದು

21 ಎಲೆಗಳನ್ನು ಚೆನ್ನಾಗಿ ಕಲಸಿ. ಮೇಲಿನ ಒಂದು ಎಲೆಯನ್ನು ಯಾರೂ ನೋಡದೆ ಮಗುಚಿ ದೂರ ಇಡಿ. ಈ ಸುತ್ತಿನಲ್ಲಿ ಅದು ಇಲ್ಲ. ಆಮೇಲೆ ಇಬ್ಬರಿಗೂ ಆರಾರು ಎಲೆ. ಉಳಿದ ಎಂಟು ಎಲೆ ಮಗುಚಿದ ಗುಡ್ಡೆಯಾಗಿ ಬದಿಗೆ.

ನಿಮ್ಮ ಸರದಿ ಬಂದಾಗ ಮೊದಲು ಗುಡ್ಡೆಯಿಂದ ಒಂದು ಎಲೆ ಎತ್ತಬೇಕು. ಆಮೇಲೆ ನಾಲ್ಕು ಕೆಲಸಗಳಲ್ಲಿ ಒಂದನ್ನು ಮಾಡಬೇಕು. ಮಾಡಿದ ಕೆಲಸದ ಗುರುತನ್ನು ಮಗುಚಿಡಬೇಕು, ಆ ಸುತ್ತಿನಲ್ಲಿ ಅದನ್ನು ಮತ್ತೆ ಮಾಡುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಸರದಿ, ನಾಲ್ಕು ಕೆಲಸ. ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಅನ್ನುವುದು ನಿಮಗೆ ಬಿಟ್ಟದ್ದು.

ನಾಲ್ಕು ಕೆಲಸ

ಎಕ್ಕ: ಗುಟ್ಟು. ಕೈಯಲ್ಲಿರುವ ಒಂದು ಎಲೆಯನ್ನು ಮಗುಚಿ ನಿಮ್ಮ ಮುಂದೆ ಇಡಿ. ಸುತ್ತು ಮುಗಿದಾಗ ಅದನ್ನು ತೆರೆದು ನಿಮ್ಮ ಲೆಕ್ಕಕ್ಕೆ ಸೇರಿಸುತ್ತೀರಿ. ಅಲ್ಲಿಯವರೆಗೆ ಎದುರಿನವರಿಗೆ ಅದು ಏನೆಂದು ಗೊತ್ತಿಲ್ಲ.

ಎರಡು: ಮುಳುಗಡೆ. ಎರಡು ಎಲೆಗಳನ್ನು ಮಗುಚಿ ಆಟದಿಂದ ಹೊರಗಿಡಿ. ಅವು ಯಾರಿಗೂ ಸೇರುವುದಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆ ಮನೆ ಬಿಟ್ಟು ನವನಗರಕ್ಕೆ ಬಂದ ಬಾಗಲಕೋಟೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ತಾನು ಮುಳುಗಿಸಿದ್ದನ್ನು ತಾನು ಮತ್ತೆ ನೋಡಬಹುದು, ಎದುರಿನವರು ನೋಡುವಂತಿಲ್ಲ. ಇದು ನಮ್ಮ ಮನೆಯ ನಿಯಮ.

ಮೂರು: ಮುಯ್ಯಿ. ಮೂರು ಎಲೆಗಳನ್ನು ತೆರೆದು ಎದುರಿನವರ ಮುಂದೆ ಇಡಿ. ಅವರು ಒಂದನ್ನು ಎತ್ತಿಕೊಳ್ಳುತ್ತಾರೆ, ಉಳಿದ ಎರಡು ನಿಮಗೆ.

ನಾಲ್ಕು: ವಾಟ್ನಿ. ನಾಲ್ಕು ಎಲೆಗಳನ್ನು ತೆರೆದು ಎರಡೆರಡರ ಎರಡು ಪಾಲು ಮಾಡಿ. ಎದುರಿನವರು ಒಂದು ಪಾಲು ಆರಿಸಿಕೊಳ್ಳುತ್ತಾರೆ, ಇನ್ನೊಂದು ನಿಮ್ಮದು.

ಮುಯ್ಯಿ, ವಾಟ್ನಿಯಲ್ಲಿ ಬಂದ ಎಲೆಗಳನ್ನು ಇಬ್ಬರೂ ಆಗಲೇ ತಮ್ಮ ಬದಿಯಲ್ಲಿ, ಆಯಾ ಊರಿನ ಪಕ್ಕ ತೆರೆದು ಇಡುತ್ತಾರೆ. ಅವು ಮತ್ತೆ ಕೈಗೆ ಬರುವುದಿಲ್ಲ.

ಒಂದು, ಎರಡು, ಮೂರು, ನಾಲ್ಕು, ಒಟ್ಟು ಹತ್ತು. ಆರು ಹಂಚಿದ ಎಲೆ, ನಾಲ್ಕು ಎತ್ತಿದ ಎಲೆ, ಅದೂ ಹತ್ತು. ಕೊನೆಯಲ್ಲಿ ಕೈಯೂ ಖಾಲಿ, ಗುಡ್ಡೆಯೂ ಖಾಲಿ. ಮೊದಲ ಸಲ ಈ ಲೆಕ್ಕ ಕಂಡಾಗ ನನಗೆ ಆಟಕ್ಕಿಂತ ಅದೇ ಹಿಡಿಸಿತ್ತು.

ಲೆಕ್ಕ ಮಾಡುವುದು

ಇಬ್ಬರೂ ಗುಟ್ಟು ತೆರೆಯಿರಿ. ಪ್ರತಿ ಊರಿನ ಹತ್ತಿರ ಯಾರ ಎಲೆ ಜಾಸ್ತಿ ಇದೆಯೋ ಊರು ಅವರದು. ಸಮ ಆದರೆ ಊರು ಇದ್ದಲ್ಲೇ ಇರುತ್ತದೆ: ನಡುವೆ ಇದ್ದರೆ ನಡುವೆ, ಹಿಂದಿನ ಸುತ್ತಿನಲ್ಲಿ ಒಬ್ಬರು ಗೆದ್ದಿದ್ದರೆ ಅವರ ಹತ್ತಿರವೇ.

ಗೆಲ್ಲಲು ಎರಡು ದಾರಿ. ನಾಲ್ಕು ಊರು ಹಿಡಿಯಬೇಕು, ಇಲ್ಲ 11 ಬೆಲೆ ಆಗಬೇಕು. ಒಬ್ಬರಿಗೆ ನಾಲ್ಕು ಊರು, ಇನ್ನೊಬ್ಬರಿಗೆ 11 ಬಂದರೆ 11 ಬಂದವರು ಗೆದ್ದಂತೆ. ಹೀಗೆ ಆಗುವುದುಂಟು. ಬಾದಾಮಿ, ಇಳಕಲ್, ಜೊತೆಗೆ ಒಂದು ಎರಡರ ಊರು ಸಿಕ್ಕರೆ ಮೂರೇ ಊರಿಗೆ 11. ಎದುರಿನವರು ಉಳಿದ ನಾಲ್ಕನ್ನು ಹಿಡಿದರೂ ಅವರದು 10ಕ್ಕೆ ನಿಲ್ಲುತ್ತದೆ.

ಯಾರೂ ಗೆಲ್ಲದಿದ್ದರೆ 21 ಎಲೆಗಳನ್ನು ಒಟ್ಟು ಮಾಡಿ ಮತ್ತೆ ಕಲಸಿ, ಒಂದನ್ನು ತೆಗೆದಿಟ್ಟು ಹಂಚಿ. ಊರಿನ ಗುರುತುಗಳನ್ನು ಮಾತ್ರ ಮುಟ್ಟಬೇಡಿ. ಹೋದ ಸಲ ಎರಡನೆಯವರಾಗಿ ಆಡಿದವರು ಈಗ ಮೊದಲು. ನಿಮ್ಮ ಕೈಯಲ್ಲಿದ್ದ ಊರು ಈ ಸಲ ಎದುರಿನವರಿಗೆ ಹೋಗಬಹುದು. ಬಾದಾಮಿಗೆ ಇದು ಹೊಸದೇನಲ್ಲ. 642ರಲ್ಲಿ ಪಲ್ಲವ ನರಸಿಂಹವರ್ಮ ಅದನ್ನು ಕಿತ್ತುಕೊಂಡ, ಹತ್ತು ಹದಿಮೂರು ವರ್ಷದ ಮೇಲೆ ಒಂದನೇ ವಿಕ್ರಮಾದಿತ್ಯ ಅದನ್ನು ಮರಳಿ ಪಡೆದ. ನಮ್ಮ ಮನೆಯಲ್ಲಿ ಕೆಲವೊಮ್ಮೆ ಒಂದೇ ಸಂಜೆಯಲ್ಲಿ ಅದು ಮೂರು ಸಲ ಕೈ ಬದಲಾಯಿಸುತ್ತದೆ.

ಒಂದು ಸುತ್ತು ಆಡಿ ನೋಡೋಣ

ನಿಯಮ ಓದಿದರೆ ಆಟ ಬರುವುದಿಲ್ಲ. ಹೋದ ವಾರ ನಾನು ಮತ್ತು ಹುಡುಗ ಆಡಿದ ಒಂದು ಸುತ್ತನ್ನು ಹಾಗೇ ಹೇಳುತ್ತೇನೆ. ಎಲೆಗಳನ್ನು ಮುಂದೆ ಹರಡಿಕೊಂಡು ಓದಿದರೆ ಇನ್ನೂ ಒಳ್ಳೆಯದು.

ನನಗೆ ಬಂದ ಆರು: ಎರಡು ರಾಜ, ಎರಡು ಗುಲಾಮ, ಒಂದು ಒಂಬತ್ತು, ಒಂದು ಏಳು. ಮೊದಲ ಸರದಿ ನನ್ನದು. ಎತ್ತಿದ್ದು ರಾಣಿ. ಒಂದು ರಾಜನನ್ನು ಗುಟ್ಟಾಗಿ ಇಟ್ಟೆ.

ಹುಡುಗ ಎಲೆ ಎತ್ತಿದ, ಒಂದು ಕ್ಷಣವೂ ಯೋಚಿಸದೆ ಎರಡು ಎಲೆ ಮುಳುಗಡೆ ಮಾಡಿದ.

ನಾನು ಎರಡನೇ ಸಲ ಎತ್ತಿದ್ದು ಎಂಟು. ಈಗ ಕೈಯಲ್ಲಿ ಏಳು, ಎಂಟು, ಒಂಬತ್ತು ಮೂರೂ ಇದ್ದವು. ಅವನ್ನೇ ಮುಯ್ಯಿಗೆ ಇಟ್ಟೆ. ಮೂರಕ್ಕೂ ಬೆಲೆ ಒಂದೇ, ಅವನು ಯಾವುದನ್ನು ಎತ್ತಿದರೂ ನನಗೆ ದೊಡ್ಡ ನಷ್ಟ ಇಲ್ಲ. ಅವನು ಒಂಬತ್ತನ್ನು ಎತ್ತಿದ. ಮಹಾಲಿಂಗಪುರ, ಅಮೀನಗಡದಲ್ಲಿ ನನ್ನದೊಂದೊಂದು ಎಲೆ ಕೂತಿತು.

ಹುಡುಗ ವಾಟ್ನಿ ಹಾಕಿದ. ಒಂದು ಪಾಲು ಎರಡು ರಾಣಿ. ಇನ್ನೊಂದು ಪಾಲು ಒಂದು ರಾಜ, ಒಂದು ಹತ್ತು. ಅವನ ಲೆಕ್ಕ ಅರ್ಥವಾಯಿತು, ಮಾಮಾ ರಾಣಿಯ ಜೋಡಿಗೆ ಬೀಳುತ್ತಾನೆ ಅಂದುಕೊಂಡಿದ್ದ. ಆದರೆ ನನ್ನ ಗುಟ್ಟು ರಾಜ, ಕೈಯಲ್ಲೂ ಒಬ್ಬ ರಾಜ. ರಾಜ ಮತ್ತು ಹತ್ತನ್ನು ತೆಗೆದುಕೊಂಡೆ. ಅವನಿಗೆ ಎರಡು ರಾಣಿ.

ಮೂರನೇ ಸಲ ನನಗೆ ಬಂದದ್ದು ಹತ್ತು. ಕೈಯಲ್ಲಿ ರಾಜ, ರಾಣಿ, ಎರಡು ಗುಲಾಮ, ಹತ್ತು. ಇನ್ನು ಮುಳುಗಡೆ ಮತ್ತು ವಾಟ್ನಿ ಉಳಿದಿವೆ. ಇಲ್ಲಿ ಸ್ವಲ್ಪ ನಿಂತು ನೋಡಿ. ರಾಣಿ ಒಂದೇ ಇದೆ, ಅವನ ಹತ್ತಿರ ಆಗಲೇ ಎರಡು ಇವೆ. ಇಳಕಲ್ ನನಗೆ ಸಿಗುವ ಮಾತಿಲ್ಲ. ಜಮಖಂಡಿಯಲ್ಲಿ ನನ್ನದೊಂದು ಹತ್ತು ಕೂತಿದೆ. ಕೈಯಲ್ಲಿರುವ ಹತ್ತನ್ನು ನಾನೇ ಮುಳುಗಿಸಿದರೆ ಹೊರಗೆ ಉಳಿಯುವುದು ಒಂದೇ ಹತ್ತು. ಅದು ಅವನಿಗೆ ಹೋದರೂ ಸಮ, ಜಮಖಂಡಿ ಅವನಿಗೆ ಸಿಗುವುದಿಲ್ಲ. ರಾಣಿ ಮತ್ತು ಹತ್ತನ್ನು ಮುಳುಗಡೆ ಮಾಡಿದೆ.

ಹುಡುಗ ಗುಟ್ಟು ಇಟ್ಟ.

ನನ್ನ ಕೊನೆಯ ಎಲೆ ರಾಜ. ಅದೃಷ್ಟ ಅನ್ನಿ. ಕೈಯಲ್ಲಿ ಎರಡು ರಾಜ, ಎರಡು ಗುಲಾಮ. ಪಾಲು ಹೀಗೆ ಮಾಡಿದೆ: ರಾಜ ಗುಲಾಮ ಒಂದು ಕಡೆ, ರಾಜ ಗುಲಾಮ ಇನ್ನೊಂದು ಕಡೆ. ಎರಡೂ ಒಂದೇ, ಅವನಿಗೆ ಆರಿಸಲು ಏನೂ ಉಳಿಯಲಿಲ್ಲ. ನನಗೆ ಬಂದ ರಾಜ ಸೇರಿ ಬಾದಾಮಿಯಲ್ಲಿ ನನ್ನದು ಮೂರು. ಇರುವುದೇ ಐದು, ಇನ್ನು ಅದನ್ನು ಯಾರೂ ಕಸಿಯಲಾರರು.

ಅವನ ಕೊನೆಯ ಕೆಲಸ ಮುಯ್ಯಿ: ರಾಜ, ಹತ್ತು, ಒಂಬತ್ತು. ಬಾದಾಮಿ ಆಗಲೇ ನನ್ನದಾಗಿದ್ದರಿಂದ ರಾಜ ನನಗೆ ದಂಡ. ಹತ್ತನ್ನು ಎತ್ತಿದೆ.

ಗುಟ್ಟು ತೆರೆದೆವು. ಅವನದು ಗುಲಾಮ! ಮುಧೋಳದಲ್ಲಿ ಒಂದಕ್ಕೊಂದು ಸಮ ಅಂದುಕೊಂಡಿದ್ದೆ, ಅವನದು ಎರಡಾಯಿತು. ಊರು ಅವನದೇ. ಇಳಕಲ್, ಗುಳೇದಗುಡ್ಡವೂ ಅವನವೇ. ಅವನ ಲೆಕ್ಕ 9. ನನಗೆ ಬಾದಾಮಿ, ಜಮಖಂಡಿ, ಅಮೀನಗಡ, ಮಹಾಲಿಂಗಪುರ: ನಾಲ್ಕು ಊರು, ಬೆಲೆ 12. ಒಂದೇ ಸುತ್ತಿಗೆ ಆಟ ಮುಗಿಯಿತು.

ಅವನು ಮೊದಲ ಸರದಿಯಲ್ಲೇ ಮುಳುಗಿಸಿದ ಎರಡು ಎಲೆ ಯಾವುವು ಗೊತ್ತೇ? ಒಂದು ಏಳು, ಒಂದು ಎಂಟು. ಚಿಕ್ಕವು, ಹೋಗಲಿ ಅಂತ ಬಿಟ್ಟಿದ್ದ. ಅವನು ಬಿಟ್ಟ ಆ ಎರಡು ಊರಲ್ಲೇ ನಾನು ಒಂದೊಂದು ಎಲೆಗೆ ಗೆದ್ದೆ.

ಪಾಲು ಮಾಡುವ ಕೈ

ಹೊಸಬರು ವಾಟ್ನಿ ಹಾಕುವಾಗ ಎರಡೂ ಪಾಲನ್ನು ಸಮ ತೂಕಕ್ಕೆ ತರಲು ಒದ್ದಾಡುತ್ತಾರೆ. ಐದು ಕೂಡಿಸು ಎರಡು, ನಾಲ್ಕು ಕೂಡಿಸು ಮೂರು, ಎರಡೂ ಏಳು, ಸರಿಯಾಯಿತು ಅಂತ. ಹೊಲದಲ್ಲಿ ಅದು ನ್ಯಾಯ. ಇಲ್ಲಿ ಅದು ದಡ್ಡತನ. ಒಂದು ಎಲೆಗೆ ಇಬ್ಬರ ಹತ್ತಿರ ಒಂದೇ ಬೆಲೆ ಇರುವುದಿಲ್ಲ. ಮೇಲಿನ ಸುತ್ತಿನ ಕೊನೆಯ ರಾಜನನ್ನೇ ನೋಡಿ, ಐದರ ಎಲೆ, ನನಗೆ ಕವಡೆ ಕಿಮ್ಮತ್ತಿಲ್ಲ. ಹೊಲದಲ್ಲೂ ಹಾಗೇ ಅಲ್ವಾ? ಪಕ್ಕದ ಎರಡು ಎಕರೆ ಮೊದಲೇ ಯಾರದ್ದೋ ಅವರಿಗೆ ನಡುವಿನ ಹತ್ತು ಗುಂಟೆ ಬಂಗಾರ.

ಹಾಗಾಗಿ ಪಾಲು ಮಾಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಅವರು ಈ ಪಾಲು ಎತ್ತಿದರೆ ನನಗೇನು ಉಳಿಯುತ್ತದೆ? ಆ ಪಾಲು ಎತ್ತಿದರೆ ಏನು ಉಳಿಯುತ್ತದೆ? ಎರಡಕ್ಕೂ ನೀವು ಬದುಕುವಂತಿದ್ದರೆ ಪಾಲು ಸರಿ. ಅವರಿಗೆ ಏನು ಬೇಕು ಅನ್ನುವುದು ಆಮೇಲಿನ ಮಾತು. ನಾಲ್ಕು ಎಲೆ ಎರಡು ಜೋಡಿಯಾಗಿದ್ದರೆ, ನಾನು ಮಾಡಿದಂತೆ ಜೋಡಿ ಒಡೆದು ಎರಡೂ ಪಾಲು ಒಂದೇ ಮಾಡುವುದು ಸುರಕ್ಷಿತ. ಅದೇ ಎರಡು ರಾಜ ಒಂದು ಕಡೆ, ಎರಡು ಗುಲಾಮ ಒಂದು ಕಡೆ ಇಟ್ಟಿದ್ದರೆ? ಅವನು ರಾಜರನ್ನು ಎತ್ತಿಕೊಂಡು ಹೋಗುತ್ತಿದ್ದ.

ಮುಯ್ಯಿಗೆ ಒಂದೇ ಊರಿನ ಮೂರು ಎಲೆ ಇದ್ದರೆ ಬೇರೆ ಯೋಚನೆಯೇ ಬೇಡ. ಮೂರು ಗುಲಾಮರನ್ನು ಇಟ್ಟರೆ ಅವರಿಗೆ ಒಂದು, ನಿಮಗೆ ಎರಡು, ಮುಧೋಳ ನಿಮ್ಮ ಜೇಬಿನಲ್ಲಿ. ಎರಡು ಒಂದೇ ಇದ್ದು ಮೂರನೆಯದು ಬೇರೆ ಆದಾಗ ಹುಷಾರು. ಎದುರಿನವರು ಜೋಡಿಯಿಂದ ಒಂದನ್ನು ಎತ್ತಿ ಜೋಡಿ ಮುರಿಯುತ್ತಾರೆ.

ಎಷ್ಟು ಎಲೆ ಸಾಕು

ಇದನ್ನು ಹುಡುಗನಿಗೆ ಬೆರಳಿನ ಮೇಲೆ ಎಣಿಸಿ ಕಲಿಸಿದೆ. ಬಾದಾಮಿಗೆ ಮೂರು ಎಲೆ ಬಂದರೆ ಖಾಯಂ. ಇಳಕಲ್‌ಗೆ ಮೂರು ಬಂದರೆ ಖಾಯಂ, ಎರಡು ಬಂದರೆ ಕಡೇ ಪಕ್ಷ ಸೋಲಿಲ್ಲ. ಮುಧೋಳ, ಜಮಖಂಡಿಗೆ ಎರಡು. ಎರಡರ ಊರುಗಳಿಗೆ ನಿಮ್ಮದು ಒಂದೇ ಎಲೆ ಇದ್ದರೂ ಎದುರಿನವರು ಗೆಲ್ಲಲಾರರು, ಹೆಚ್ಚೆಂದರೆ ಸಮ. ಹಿಂದಿನ ಸುತ್ತಿನಲ್ಲಿ ಆ ಊರು ನಿಮ್ಮದಾಗಿದ್ದರೆ ಸಮವೇ ಗೆಲುವು.

ಇದು ತೀರಾ ಕೆಟ್ಟ ಲೆಕ್ಕ ಹಿಡಿದು ಹೇಳಿದ್ದು. ನಿಜದಲ್ಲಿ ಇಷ್ಟೂ ಬೇಕಾಗುವುದಿಲ್ಲ. 21ರಲ್ಲಿ ಐದು ಎಲೆ ಪ್ರತಿ ಸುತ್ತೂ ಕಣದಿಂದ ಹೊರಗೇ ಇರುತ್ತವೆ: ಮೊದಲು ತೆಗೆದದ್ದು ಒಂದು, ಇಬ್ಬರ ಮುಳುಗಡೆ ನಾಲ್ಕು. ಅದರಲ್ಲಿ ನಿಮ್ಮ ಎರಡು ನಿಮಗೆ ಗೊತ್ತು. ಉಳಿದ ಮೂರನ್ನು ಊಹಿಸುವುದರಲ್ಲೇ ಅರ್ಧ ಮಜಾ ಇದೆ. ಮೇಲಿನ ಸುತ್ತಿನಲ್ಲಿ ಹುಡುಗ ಎರಡೇ ರಾಣಿಯಿಂದ ಇಳಕಲ್ ಗೆದ್ದದ್ದು ಹೀಗೆ. ಒಂದು ರಾಣಿಯನ್ನು ನಾನು ಮುಳುಗಿಸಿದ್ದೆ, ಇನ್ನೊಂದು ಮೊದಲೇ ತೆಗೆದಿಟ್ಟ ಎಲೆಯಾಗಿತ್ತು.

ಯಾವುದು ಮೊದಲು, ಯಾವುದು ಕೊನೆಗೆ

ಒಂದು ಮಾತು ಗಮನದಲ್ಲಿರಲಿ. ಕೊನೆಯ ಸರದಿಗೆ ಯಾವ ಕೆಲಸ ಉಳಿದಿದೆಯೋ ಅಷ್ಟೇ ಎಲೆ ಕೈಯಲ್ಲಿ ಇರುತ್ತವೆ. ವಾಟ್ನಿ ಉಳಿದಿದ್ದರೆ ನಾಲ್ಕು, ಮುಯ್ಯಿ ಉಳಿದಿದ್ದರೆ ಮೂರು. ಯಾವ ಎಲೆ ಅಂತ ಆರಿಸುವ ಹಾಗಿಲ್ಲ, ಇದ್ದದ್ದನ್ನು ಇಡಬೇಕು. ಮುಳುಗಡೆ ಕೊನೆಗೆ ಉಳಿಸಿಕೊಂಡರೆ ಕೊನೆಯಲ್ಲಿ ಬಂದ ಒಳ್ಳೆಯ ಎಲೆಯೂ ನೀರು ಪಾಲು. ನನಗೆ ಇದು ಎಷ್ಟು ಸಲ ಆಗಿದೆಯೋ.

ಹಾಗಂತ ಮುಳುಗಡೆಯನ್ನು ಮೊದಲೇ ಮಾಡಿದರೆ ಹುಡುಗನ ಗತಿ. ಏನೂ ಗೊತ್ತಿಲ್ಲದೆ ಬಿಸಾಡಿದಂತೆ. ಎರಡನೇ ಇಲ್ಲ ಮೂರನೇ ಸರದಿ ಅದಕ್ಕೆ ಸರಿ ಅಂತ ನನ್ನ ಅನುಭವ. ಅಷ್ಟೊತ್ತಿಗೆ ಕಣದಲ್ಲಿ ನಾಲ್ಕಾರು ಎಲೆ ಬಿದ್ದಿರುತ್ತವೆ, ಯಾವ ಊರು ಕೈ ತಪ್ಪಿತು ಅನ್ನುವುದು ಕಾಣುತ್ತದೆ. ಗುಟ್ಟನ್ನು ನಾನು ಸಾಮಾನ್ಯವಾಗಿ ಮೊದಲೇ ಇಡುತ್ತೇನೆ. ಅಕ್ಕನ ಮಗ ಅದನ್ನು ತಡ ಮಾಡುತ್ತಾನೆ, ಮೇಲಿನ ಸುತ್ತಿನಲ್ಲಿ ಮುಧೋಳ ಹೊಡೆದದ್ದು ಹಾಗೇ. ಎರಡರಲ್ಲಿ ಯಾವುದು ಸರಿ ಅನ್ನುವ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ಎರಡರ ಊರಿಗೆ ಒಂದು ಸಣ್ಣ ಮಸಲತ್ತು ಇದೆ. ಎರಡು ಎಂಟೂ ನಿಮಗೇ ಬಂದಿವೆ ಅನ್ನಿ. ಒಂದನ್ನು ಮುಳುಗಿಸಿ, ಇನ್ನೊಂದನ್ನು ಗುಟ್ಟಾಗಿ ಇಡಿ. ಅಮೀನಗಡ ನಿಮ್ಮದು, ಎದುರಿನವರು ಕೊನೆಯವರೆಗೂ ಎಂಟಕ್ಕೆ ಕಾಯುತ್ತಾ ಕೂತಿರುತ್ತಾರೆ. ಆದರೆ ಎರಡರ ಬೆಲೆಯ ಊರಿಗೆ ಗುಟ್ಟೂ ಖರ್ಚು, ಅರ್ಧ ಮುಳುಗಡೆಯೂ ಖರ್ಚು. ಮೂರು ಊರು ಆಗಲೇ ಕೈಯಲ್ಲಿದ್ದು ನಾಲ್ಕನೆಯದು ಬೇಕಾದಾಗ ಮಾತ್ರ ಮಾಡಿ.

ಕಟ್ಟೆಯ ಮೇಲೆ ಕೂತು ಆಡುವವರಿಗೆ

ಬೇಸಿಗೆಯ ಸಂಜೆ ಕರೆಂಟ್ ಹೋದಾಗ ಹೊರಗೆ ಕಟ್ಟೆಯ ಮೇಲೆ ಆಡಲು ಇದು ಹೇಳಿ ಮಾಡಿಸಿದ ಆಟ. ಜಾಗ ಒಂದು ಮೊಳ ಸಾಕು. ಗಾಳಿ ಇದ್ದರೆ ಊರಿನ ಗುರುತುಗಳ ಮೇಲೆ ಒಂದೊಂದು ಹುಣಸೆ ಬೀಜ ಇಡಿ. ಮೂರನೆಯವರು ಬಂದರೆ ಅವರನ್ನು ಸೇರಿಸಲು ದಾರಿ ಇಲ್ಲ. ಸೋತವರು ಎದ್ದು ಜಾಗ ಬಿಡಲಿ. ಯಾರ ಹಿಂದೆಯೂ ಕೂತು ಇಣುಕಲು ಬಿಡಬೇಡಿ, ಅವರ ಮುಖವೇ ಎಲ್ಲ ಹೇಳಿಬಿಡುತ್ತದೆ.

ಮಕ್ಕಳಿಗೆ ಕಲಿಸುವಾಗ ಮೊದಲ ಸುತ್ತನ್ನು ಎಲ್ಲರ ಎಲೆ ತೆರೆದಿಟ್ಟು ಆಡಿ. ಎರಡನೇ ಸುತ್ತಿನಿಂದ ಮುಚ್ಚಿ. ಕೂಡುವ ಲೆಕ್ಕ ಬರುವ ಮಗು ಮೂರನೇ ಆಟಕ್ಕೆ ನಿಮ್ಮನ್ನು ಸೋಲಿಸುತ್ತದೆ.

ಇನ್ನು ಆ ಎಣ್ಣೆ ಕಲೆಯ ಮಾತು. ನಮ್ಮ ಮೊದಲ ಕಟ್ಟಿನಲ್ಲಿ ಆಡುತ್ತಾ ಆಡುತ್ತಾ ಮಿರ್ಚಿ, ಚುರುಮುರಿ ತಿನ್ನುತ್ತಿದ್ದೆವು. ಒಂದು ಸಮಯ ಹುಡುಗ ಬಾದಾಮಿಯನ್ನು ಬಿಡದೆ ಗೆಲ್ಲತೊಡಗಿದ. ನಾನು ಗುಟ್ಟಾಗಿ ಜೋಕರ್ ಇಟ್ಟರೆ ಅವನಿಗೆ ಹೇಗೋ ಗೊತ್ತಾಗುತ್ತಿತ್ತು. ಮೂರು ವಾರ ನಾನೇ ಚಹಾ ಮಾಡಿದೆ. ಕೊನೆಗೆ ಒಂದು ದಿನ ಎಲೆಗಳನ್ನು ಬಿಸಿಲಿಗೆ ಹಿಡಿದು ನೋಡಿದಾಗ ಜೋಕರ್‌ನ ಬೆನ್ನಿನ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಮಿರ್ಚಿ ಎಣ್ಣೆ ಕಂಡಿತು. ಹೆಬ್ಬೆರಳು ನನ್ನದೇ. ಈಗ ಹೊಸ ಕಟ್ಟು ತಂದಿದ್ದೇವೆ, ತಿಂಡಿ ಆಟ ಮುಗಿದ ಮೇಲೆ.